ಸಾಲಿಗೊಂದು ಮೊಟ್ಟೆ

ಕುರಿಗಳು ದೊಡ್ಡಿ ಸೇರಿದ ಮೇಲೆ ನಮ್ಮ ಶಾಲೆ.
ಲೆಸೋಥೋದ ಈ ಎತ್ತರದಲ್ಲಿ ಜೂನ್ ಎಂದರೆ ಹಿಮ,
ಸೀಮೆಎಣ್ಣೆ ಎಂದರೆ ದುಡ್ಡು,
ಅದಕ್ಕೇ ಒಂದೇ ದೀಪ, ಒಂದೇ ತರಗತಿ:
ಒಂಬತ್ತರ ಫೆಯೆಲ್ಲೋ, ಹತ್ತೊಂಬತ್ತರ ತಾಂಕಿಸೋ,
ಎಪ್ಪತ್ತೊಂದೋ ಎಪ್ಪತ್ಮೂರೋ ತನಗೇ ಗೊತ್ತಿಲ್ಲದ
ರಾಮಕಾತ್ಸಾ ಅಜ್ಜ.
ಮೂವರೂ ಕಂಬಳಿ ಹೊದ್ದವರೇ,
ಮೂವರ ನಾಯಿಗಳೂ ಬಾಗಿಲಾಚೆ.

ಬೆಂಚು ಮಕ್ಕಳ ಅಳತೆಯದು. ಅಜ್ಜನ ಮಂಡಿ
ಗದ್ದಕ್ಕೆ ತಾಗುತ್ತದೆ.
ಸೀಮೆಸುಣ್ಣ ಹಿಡಿಯುವುದು ಉಣ್ಣೆ ಕತ್ತರಿ ಹಿಡಿದಂತೆ,
ಸ್ಲೇಟು ಒದ್ದಾಡೀತೆಂದು
ಎಡಗೈಯಲ್ಲಿ ಅದುಮಿಕೊಂಡು.

ಮೊದಲ ವಾರ ಮಕ್ಕಳ ಪುಸ್ತಕ ತೆರೆದು
‘ಕುರಿ ಹುಲ್ಲು ತಿನ್ನುತ್ತದೆ’ ಎಂದು ಓದಿಸಿದೆ.
ಹುಡುಗರು ಗಂಟಲು ಹರಿಯುವ ಹಾಗೆ ಓದಿದರು.
ಅಜ್ಜ ಕೊನೆಯವರೆಗೂ ಕಾದು ಕೇಳಿದ:
‘ಇಷ್ಟು ಹೇಳಲು ಪುಸ್ತಕ ಬೇಕಾಯಿತೇ, ಟಿಚೇರೆ?’

ಮಾಸೇರುವಿನಲ್ಲಿ ನನಗೆ ತರಬೇತಿ ಕೊಟ್ಟವರು
ಒಂದೇ ಎತ್ತರದ ನಲವತ್ತು ತಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು.
ಅಪ್ಪನಿಗಿಂತ ಹಿರಿಯನ ಸ್ಲೇಟಿನ ಮೇಲೆ
ತಪ್ಪು ಗೀಟು ಹಾಕುವುದು ಹೇಗೆಂದು
ಯಾರೂ ಹೇಳಲಿಲ್ಲ.
ನಾನು ತಿದ್ದಿದರೆ ಅಜ್ಜ ಕೆಮ್ಮುತ್ತಾನೆ.
ಫೆಯೆಲ್ಲೋ ಎಂಜಲು ಹಚ್ಚಿ ಅಳಿಸಿ
‘ಇದು ತಲೆಕೆಳಗಾಗಿದೆ, ನೋಡು’ ಎಂದರೆ
‘ಹೌದಲ್ಲ’ ಎನ್ನುತ್ತಾನೆ.
ತಾಂಕಿಸೋ ಮಾತ್ರ ಚಿಕ್ಕವರ ಮುಂದೆ ತಡವರಿಸಲಾರದೆ
ಎರಡು ಸಲ ಎದ್ದು ಹೋದ,
ಎರಡು ಸಲವೂ ನಾಯಿಯನ್ನು ಕರೆಯಲು ಬಂದವನಂತೆ ವಾಪಸಾದ.

ಆಗಸ್ಟಿನ ಒಂದು ರಾತ್ರಿ
ಅಜ್ಜ ಕಂಬಳಿಯೊಳಗಿಂದ ಒಂದು ಪತ್ರ ತೆಗೆದ.
ವೆಲ್ಕಮ್‌ನ ಚಿನ್ನದ ಗಣಿಯಲ್ಲಿದ್ದಾಗ ಬಂದದ್ದು,
ಮಡಿಕೆಗಳಲ್ಲಿ ಹರಿದು ನಾಲ್ಕು ಚೂರಾದದ್ದು.
ಓದಿ ಕೊಡಲೇ ಎಂದೆ. ಬೇಡ ಎಂದ.
ಬೆರಳಿಟ್ಟು, ತುಟಿಯಾಡಿಸಿ, ಅಕ್ಷರ ಅಕ್ಷರವಾಗಿ:
ಉಪ್ಪು ಮುಗಿದಿದೆ.
ಕಂದು ಹಸು ಈದಿದೆ.
ಮಾಡಿಗೆ ಹಣ ಕಳಿಸು.

ಹಿಂದೆ ತಿರುಗಿಸಿದ. ಖಾಲಿ.
ಮತ್ತೆ ಮುಂದೆ.
‘ಇನ್ನೊಂದು ಮಾತಿತ್ತು,’ ಎಂದ.
‘ಹಾಸ್ಟೆಲಿನಲ್ಲಿ ಮೊಕೆತಿ ಓದಿ ಹೇಳುತ್ತಿದ್ದ.
ನೀನಿಲ್ಲದೆ ಒಲೆ ಬೇಗ ಹತ್ತುವುದಿಲ್ಲ ಅಂತ.
ಪ್ರತಿ ಸಲ ಒಂದು ಸಿಗರೇಟು ಕೊಟ್ಟು
ಅದನ್ನೇ ಓದಿಸುತ್ತಿದ್ದೆ.’

ದೀಪದ ಬತ್ತಿ ಚಟಪಟ ಎಂದಿತು. ಹುಡುಗರು ಸ್ಲೇಟು ನೋಡಿದರು.
ತಾಂಕಿಸೋ, ಏನು ಮಾಡಬೇಕೆಂದು ತಿಳಿಯದೆ,
ಒಲೆಗೆ ಇನ್ನೊಂದು ಬೆರಣಿ ಒಡ್ಡಿದ.

ನನಗೆ ನೆನಪಾದದ್ದು ನನ್ನ ಚಿಕ್ಕಮ್ಮ.
ಈ ಕಣಿವೆಯ ಹೆಂಗಸರಿಗೆಲ್ಲ ಕಾಗದ ಬರೆದುಕೊಟ್ಟವಳು,
ಸಾಲಿಗೊಂದು ಮೊಟ್ಟೆ.
ಮಡಿಲಲ್ಲಿ ಮೊಟ್ಟೆ ಎಣಿಸುತ್ತ
ಯಾವ ಸಾಲು ಬಿಡಬಹುದೆಂದು
ಅಂಗಳದಲ್ಲೇ ಲೆಕ್ಕ ಹಾಕುತ್ತಿದ್ದರು ಅವರು.
ಉಪ್ಪನ್ನು ಬಿಡಲಾಗದು. ಹಸುವನ್ನು ಬಿಡಲಾಗದು.
ಇದನ್ನು ಹೇಳಿದೆ.

ಅಜ್ಜ ಬಹಳ ಹೊತ್ತು ಸುಮ್ಮನಿದ್ದ.
ಫೆಯೆಲ್ಲೋ ಬೆರಳು ಮಡಿಸಿ ಹೇಳಿದ:
‘ಮೂರೇ ಮೊಟ್ಟೆ ಇದ್ದವು ಅಂತಾಯಿತು.
ಆ ವರ್ಷ ನರಿ ಬಂದಿತ್ತೇನೋ.’

ಅಜ್ಜ ನಕ್ಕನೋ ಕೆಮ್ಮಿದನೋ.
‘ಮೊಕೆತಿ ಒಳ್ಳೆಯವನು,’ ಎಂದ.
ಆಮೇಲೆ ಸ್ಲೇಟು ತೊಡೆಯ ಮೇಲಿಟ್ಟು:
‘ಒಲೆ ಬರೆಯುವುದು ಹೇಗೆ?’

‘ಅಜ್ಜಿಗೆ ಓದಲು ಬರುತ್ತದೆಯೇ?’ ಎಂದೆ.
‘ಎಲ್ಲಿಂದ ಬರಬೇಕು! ನಾನೇ ಓದಿ ಹೇಳಬೇಕು.’
‘ಹಾಗಿದ್ದರೆ ಬರೆಯುವುದೇಕೆ? ಬಾಯಲ್ಲೇ ಹೇಳಿಬಿಡು,’
ಎಂದ ತಾಂಕಿಸೋ, ಮೊದಲ ಸಲ ಎಲ್ಲರಿಗೂ ಕೇಳುವಂತೆ.

ಅಜ್ಜ ಅವನನ್ನು ನೋಡಿದ,
ಮದುವೆಯಾಗದ ಹುಡುಗನನ್ನು ನೋಡುವ ಹಾಗೆ.
ಸೀಮೆಸುಣ್ಣ ಕಿರ್ ಎಂದಿತು.
ಮೊದಲ ಅಕ್ಷರ ತಲೆಕೆಳಗಾಗಿ ಬಂತು.
ಫೆಯೆಲ್ಲೋ ಆಗಲೇ ಬೆರಳಿಗೆ ಎಂಜಲು ಹಚ್ಚುತ್ತಿದ್ದ.